ಸರಪಳಿಯ ಕೊಂಡಿ ಕಾಯುವವರು

೨೦೨೪ನೆಯ ಇಸವಿ ಆಗಸ್ಟ್ ತಿಂಗಳ ೧೦ನೆಯ ತಾರೀಖಿನ ರಾತ್ರಿ ತುಂಗಭದ್ರಾ ಅಣೆಕಟ್ಟಿನ ೧೯ನೆಯ ಬಾಗಿಲಿನ ಸರಪಳಿ ಕಡಿದು, ಆ ಬಾಗಿಲು ಪ್ರವಾಹದ ಪಾಲಾದ ಸಂಗತಿಯನ್ನು ನಮ್ಮ ಬಳ್ಳಾರಿ ಸೀಮೆಯ ಗೃಹಸ್ಥರಾರೂ ಮರೆತಿರಲಾರರು. ಅಣೆಕಟ್ಟಿಗೆ ಇರುವ ಬಾಗಿಲುಗಳು ಒಟ್ಟು ೩೩. ೧೯೫೩ರಿಂದ ಆ ಅಣೆಕಟ್ಟು ನಮ್ಮ ಗದ್ದೆಗಳಿಗೂ ನಲ್ಲಿಗಳಿಗೂ ನೀರನ್ನು ತಡೆದು ಕೊಡುತ್ತ ಬಂದಿದೆ. ಅಷ್ಟು ವರ್ಷಗಳಲ್ಲಿ ನಾವು ಅದನ್ನು ನೋಡಲು ಹೋದೆವು. ಕೆಳಗಿನ ತೋಟದಲ್ಲಿ ಬುತ್ತಿ ಬಿಚ್ಚಿ ಉಂಡೆವು. ಮಕ್ಕಳಿಗೆ ನೀರಿನ ಭೋರ್ಗರೆತವನ್ನು ತೋರಿಸಿದೆವು. ಆದರೆ ಆ ಬಾಗಿಲುಗಳನ್ನು ಹಿಡಿದಿರುವ ಸರಪಳಿಗಳಿವೆ, ಅವುಗಳ ಕೊಂಡಿ ಸವೆಯುವುದುಂಟು, ಅದನ್ನು ನೋಡಿಕೊಳ್ಳುವವನೊಬ್ಬನು ಬೇಕು ಎಂಬ ಯೋಚನೆ ನಮ್ಮಲ್ಲಿ ಎಷ್ಟು ಮಂದಿಗೆ ಬಂದಿದ್ದೀತು? ಕಡಿದ ದಿವಸವೇ ಅದರ ಇರವು ನಮಗೆ ತಿಳಿಯಿತು. ಆಮೇಲೆ ಕನ್ನಯ್ಯ ನಾಯ್ಡು ಎಂಬ ವಯೋವೃದ್ಧ ತಜ್ಞರ ಮುಂದಾಳುತನದಲ್ಲಿ ಕೆಲಸಗಾರರು ಹರಿಯುವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನಿಳಿಸಿ, ಒಂದು ವಾರದೊಳಗಾಗಿ ನೀರನ್ನು ನಿಲ್ಲಿಸಿದರು. ಊರೆಲ್ಲ ಅವರನ್ನು ಕೊಂಡಾಡಿತು, ಕೊಂಡಾಡತಕ್ಕದ್ದೇ ಆಗಿದ್ದಿತು.

ಈ ತಿಂಗಳು ವಾಚಕರೊಡನೆ ಮಾತನಾಡಬೇಕೆಂದಿರುವುದು ಇಂಥದೇ ಇನ್ನೊಂದು ಸರಪಳಿಯನ್ನು ಕುರಿತು. ಅದು ಹೊಸಪೇಟೆಯ ಹತ್ತಿರ ಇರುವುದಲ್ಲ. ನಮ್ಮ ನಮ್ಮ ಜೇಬಿನೊಳಗೇ ಇರುವುದು.

ಕಂಟೋನ್ಮೆಂಟಿನ ನಮ್ಮ ಬೀದಿಯಲ್ಲಿ ಒಬ್ಬ ತಾಯಿ ಇದ್ದಾರೆ. ಅವರ ಮಗನು ಹಗಲು ಒಂದು ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುವನು. ರಾತ್ರಿ ಊಟವಾದ ಮೇಲೆ ಮತ್ತೆ ಗಣಕಯಂತ್ರದ ಮುಂದೆ ಕುಳಿತು, ಹನ್ನೆರಡು ಒಂದು ಗಂಟೆಯವರೆಗೆ ಬೇರೊಂದು ಕೆಲಸ ಮಾಡುವನು. ಅದಕ್ಕೆ ಒಂದು ಕಾಸೂ ಹುಟ್ಟುವುದಿಲ್ಲ. ಕೇಳಿದರೆ, ‘ಇದು ಎಲ್ಲರಿಗೂ ಉಪಯೋಗವಾಗುವ ಬೀಗದ ಕೆಲಸ, ನಾಲ್ಕು ದೇಶದ ಜನ ಸೇರಿ ಮಾಡುತ್ತಿದ್ದೇವೆ’ ಎನ್ನುವನಂತೆ. ಮೊನ್ನೆ ಸಂಜೆ ಆ ತಾಯಿ ನಮ್ಮ ಜಗಲಿಯ ಮೇಲೆ ಕುಳಿತು, ‘ಊರಿನ ಬಾವಿಯ ಹೂಳು ತೆಗೆಯುವುದು ನನ್ನ ಮಗನೊಬ್ಬನ ಪಾಲಿಗೇ ಏಕೆ ಬರಬೇಕು? ನೀರು ಸೇದುವವರು ಸಾವಿರ ಮಂದಿ ಇದ್ದಾರಲ್ಲ! ಬೇಡವೆಂದು ಹೇಳಲೋ, ಸುಮ್ಮನಿರಲೋ?’ ಎಂದು ಕೇಳಿದರು. ಮಗನ ಕಣ್ಣು ಕೆಂಪಾಗಿರುವುದನ್ನೂ ಮದುವೆಯ ಮಾತನ್ನು ಮುಂದೂಡುತ್ತಿರುವುದನ್ನೂ ಹೇಳಿ ನಿಟ್ಟುಸಿರು ಬಿಟ್ಟರು. ಅವರಿಗೆ ಆಗ ನಾನು ಸರಿಯಾದ ಉತ್ತರ ಕೊಡಲಾರದೆ ಹೋದೆನು. ಆ ಉತ್ತರವನ್ನು ಹುಡುಕುವುದಕ್ಕಾಗಿಯೇ ಈ ಲೇಖನ.

ಮೊದಲು ಆ ಬೀಗವೆಂದರೇನೆಂಬುದನ್ನು ನೋಡೋಣ. ಮನೆಯೊಡತಿಯು ಫೋನಿನಲ್ಲಿ ವಿದ್ಯುತ್ತಿನ ಬಿಲ್ಲನ್ನು ಕಟ್ಟುವಳು. ಯಜಮಾನನು ಪಿಂಚಣಿ ಬಂದಿತೇ ಎಂದು ನೋಡುವನು. ಮಗಳು ಕಾಲೇಜಿನ ಶುಲ್ಕವನ್ನು ಕಳುಹಿಸುವಳು. ನಮ್ಮ ದೇಶದ ಯು.ಪಿ.ಐ. ಪದ್ಧತಿಯಲ್ಲಿ ೨೦೨೩ರ ಆಗಸ್ಟ್ ತಿಂಗಳೊಂದರಲ್ಲಿಯೇ ಸಾವಿರ ಕೋಟಿಗೂ ಹೆಚ್ಚು ಪಾವತಿಗಳು ನಡೆದವು. ಅಂತರ್ಜಾಲದಲ್ಲಿ ಹೋಗುವ ಇಂಥ ಮಾತುಗಳೆಲ್ಲ ನಡುದಾರಿಯಲ್ಲಿ ಹಲವು ಯಂತ್ರಗಳ ಕೈ ದಾಟಿ ಹೋಗತಕ್ಕವು. ದಾರಿಯಲ್ಲಿ ಯಾರೂ ಒಡೆದು ಓದದಂತೆ ಅವುಗಳಿಗೆ ಗೂಢಲಿಪಿಯ ಮುದ್ರೆಯೊತ್ತಿ ಕಳುಹಿಸಬೇಕು. ಜಾಲತಾಣದ ವಿಳಾಸದ ಪಕ್ಕದಲ್ಲಿ ಸಣ್ಣ ಬೀಗದ ಚಿತ್ರವನ್ನು ಎಷ್ಟೋ ವರ್ಷಗಳಿಂದ ನಾವು ಕಂಡಿರುವೆವಷ್ಟೆ. ಆ ಮುದ್ರೆಯ ಗುರುತು ಅದೇ.

ಈ ಮುದ್ರೆಯನ್ನು ಒತ್ತುವ ತಂತ್ರಾಂಶಗಳಲ್ಲಿ ಬಹು ಪ್ರಸಿದ್ಧವಾದುದು ‘ಓಪನ್ ಎಸ್‌ಎಸ್‌ಎಲ್’ ಎಂಬುದು. ೧೯೯೮ರಲ್ಲಿ ಈ ಹೆಸರಿನಿಂದ ಅದರ ಕೆಲಸ ಮೊದಲಾಯಿತು. ಇದು ತೆರೆದ ಮೂಲದ್ದು, ಎಂದರೆ ಓಪನ್ ಸೋರ್ಸ್. ಇದರ ಅರ್ಥವನ್ನು ಅಡಿಗೆಮನೆಯ ಮಾತಿನಲ್ಲಿ ಹೇಳಬಹುದು. ಅಂಗಡಿಯವನು ಸಾರಿನ ಪುಡಿಯನ್ನು ಮಾರುವನೇ ಹೊರತು ಅದರ ಪಾಕವನ್ನು ಹೇಳನು. ಅಜ್ಜಿಯಾದರೋ ಪಾಕವನ್ನೇ ಬರೆದು ಕೊಡುವಳು. ಯಾರು ಬೇಕಾದರೂ ಮಾಡಬಹುದು, ತಿದ್ದಬಹುದು, ನೆರೆಯವರಿಗೆ ಹಂಚಬಹುದು. ತೆರೆದ ಮೂಲದ ತಂತ್ರಾಂಶವು ಅಜ್ಜಿಯ ಪಾಕದಂತೆ. ಬೀಗದ ವಿಷಯದಲ್ಲಿ ಇದರಿಂದ ದೊಡ್ಡ ಅನುಕೂಲವುಂಟು. ಬೀಗ ಮಾಡಿದವನ ಮಾತನ್ನು ನಂಬಿ ಸುಮ್ಮನಿರಬೇಕಾದುದಿಲ್ಲ. ಬಲ್ಲವರು ಅದನ್ನು ಬಿಚ್ಚಿ ಪರೀಕ್ಷಿಸಬಹುದು. ಆದುದರಿಂದಲೇ ಬ್ಯಾಂಕುಗಳು, ಸರಕಾರಗಳು, ದೊಡ್ಡ ದೊಡ್ಡ ಕಂಪನಿಗಳು ಇದನ್ನು ತೆಗೆದುಕೊಂಡು ತಮ್ಮ ತಮ್ಮ ಯಂತ್ರಗಳಲ್ಲಿ ಹಾಕಿಕೊಂಡವು. ಆಂಡ್ರಾಯ್ಡ್ ಫೋನುಗಳಲ್ಲಿರುವ ‘ಬೋರಿಂಗ್ ಎಸ್‌ಎಸ್‌ಎಲ್’ ಎಂಬುದೂ ಇದರ ಕವಲೇ.

ಆದರೆ ಬಿಚ್ಚಿ ಪರೀಕ್ಷಿಸಬಹುದು ಎಂಬುದು ಬೇರೆ, ಬಿಚ್ಚಿ ಪರೀಕ್ಷಿಸುವವರಿದ್ದಾರೆ ಎಂಬುದು ಬೇರೆ. ೨೦೧೪ನೆಯ ಇಸವಿ ಏಪ್ರಿಲ್ ೭ನೆಯ ತಾರೀಖು ಲೋಕಕ್ಕೆ ಈ ಭೇದವು ತಿಳಿದುಬಂದಿತು. ಆ ದಿವಸ ಓಪನ್ ಎಸ್‌ಎಸ್‌ಎಲ್‌ನಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೋಷವು ಪ್ರಕಟವಾಯಿತು. ಅದರ ರೀತಿಯನ್ನು ಒಂದು ದೃಷ್ಟಾಂತದಿಂದ ಹೇಳುತ್ತೇನೆ. ಎರಡು ಯಂತ್ರಗಳು ಮಾತನಾಡುತ್ತಿರುವಾಗ, ‘ಇನ್ನೂ ಎಚ್ಚರವಿದ್ದೀಯಾ?’ ಎಂದು ಆಗಾಗ ಕೇಳಿಕೊಳ್ಳುವುದುಂಟು. ಕೇಳುವ ಯಂತ್ರವು ಒಂದು ಸಣ್ಣ ಮಾತನ್ನು ಕಳುಹಿಸಿ, ‘ಇದರಲ್ಲಿ ಇಷ್ಟು ಅಕ್ಷರಗಳಿವೆ, ಇದನ್ನೇ ಹಿಂದಿರುಗಿಸು’ ಎನ್ನುವುದು. ನೆರೆಮನೆಗೆ ಒಂದು ಸೇರು ಜೋಳವನ್ನು ಕೊಟ್ಟು, ‘ಒಂದು ಮೂಟೆ ಕೊಟ್ಟಿದ್ದೇನೆ, ಅದನ್ನೇ ವಾಪಸು ಕೊಡಿ’ ಎಂದು ಒಬ್ಬನು ಹೇಳಿದನೆಂದುಕೊಳ್ಳಿರಿ. ನೆರೆಮನೆಯಾಕೆ ಅಳೆದು ನೋಡದೆ, ಮೂಟೆ ತುಂಬುವವರೆಗೆ ಉಗ್ರಾಣದಲ್ಲಿ ಕೈಗೆ ಸಿಕ್ಕಿದುದನ್ನೆಲ್ಲ ತುಂಬಿ ಕೊಟ್ಟಳು. ಅದರೊಳಗೆ ಅವಳ ಕಿವಿಯ ಓಲೆಯೂ ಪೆಟ್ಟಿಗೆಯ ಬೀಗದಕೈಯೂ ಸೇರಿ ಹೋದವು. ಹಾರ್ಟ್‌ಬ್ಲೀಡ್ ದೋಷವೆಂದರೆ ಇಷ್ಟೇ: ಅಳೆದು ನೋಡದಿರುವುದು. ಒಂದೊಂದು ಸಲಕ್ಕೆ ಸುಮಾರು ಅರವತ್ತನಾಲ್ಕು ಸಾವಿರ ಅಕ್ಷರಗಳಷ್ಟು ಗುಟ್ಟು ಹೀಗೆ ಹೊರಗೆ ಹೋಗಬಹುದಾಗಿದ್ದಿತು. ಆ ಕಾಲದಲ್ಲಿ ಲೋಕದ ಸುಮಾರು ಐದು ಲಕ್ಷ ಸುರಕ್ಷಿತ ಜಾಲತಾಣಗಳು ಈ ದೋಷಕ್ಕೆ ಒಳಗಾಗಿದ್ದವೆಂದು ಲೆಕ್ಕ ಹಾಕಿದರು. ಕೆನಡಾ ದೇಶದ ತೆರಿಗೆ ಇಲಾಖೆಯಿಂದ ಸುಮಾರು ೯೦೦ ಜನರ ಗುರುತಿನ ಸಂಖ್ಯೆಗಳು ಕಳವಾದವು.

ದೋಷವು ಹುಟ್ಟಿದುದು ೨೦೧೧ರ ಡಿಸೆಂಬರ್ ಕೊನೆಯಲ್ಲಿ. ಜನರ ಕೈಗೆ ಹೋದುದು ೨೦೧೨ರ ಮಾರ್ಚಿಯಲ್ಲಿ. ಕಣ್ಣಿಗೆ ಬಿದ್ದುದು ೨೦೧೪ರಲ್ಲಿ. ಎರಡು ವರ್ಷಗಳ ಕಾಲ ಯಾರೂ ಅದನ್ನು ಕಾಣಲಿಲ್ಲವೇಕೆ? ಆಗ ಓಪನ್ ಎಸ್‌ಎಸ್‌ಎಲ್ ಸಂಸ್ಥೆಯ ಹಣದ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದ ಸ್ಟೀವ್ ಮಾರ್ಕ್ವೆಸ್ ಎಂಬವರು ಬಹಿರಂಗವಾಗಿ ಒಂದು ಲೆಕ್ಕವನ್ನು ಕೊಟ್ಟರು. ಇಡೀ ವರ್ಷದಲ್ಲಿ ಸಂಸ್ಥೆಗೆ ಬರುತ್ತಿದ್ದ ದಾನವು ಸುಮಾರು ಎರಡು ಸಾವಿರ ಡಾಲರುಗಳು. ಆಗಿನ ಬೆಲೆಯಲ್ಲಿ ಒಂದು ಲಕ್ಷದ ಇಪ್ಪತ್ತು ಸಾವಿರ ರೂಪಾಯಿಗಳ ಆಸುಪಾಸು. ಪೂರ್ಣಕಾಲ ಅದೇ ಕೆಲಸವನ್ನು ಮಾಡುತ್ತಿದ್ದವರು ಒಬ್ಬರೇ. ಉಳಿದವರು ಬೇರೆ ಉದ್ಯೋಗದಿಂದ ಹೊಟ್ಟೆ ಹೊರೆದುಕೊಂಡು, ಬಿಡುವಿನಲ್ಲಿ ಕೈಗೂಡಿಸುತ್ತಿದ್ದವರು. ಲೋಕದ ಬ್ಯಾಂಕುಗಳ ಬಾಗಿಲನ್ನು ಕಾಯುವುದಕ್ಕೆ ಲೋಕವೆಲ್ಲ ಸೇರಿ ಕೊಡುತ್ತಿದ್ದ ಕಾಣಿಕೆಯು, ನಮ್ಮ ಬೀದಿಯ ಗಣೇಶೋತ್ಸವಕ್ಕೆ ಕೂಡುವ ವಂತಿಗೆಗಿಂತ ಬಹಳ ಹೆಚ್ಚಿನದಾಗಿರಲಿಲ್ಲ!

ಇಲ್ಲಿ ನಮ್ಮ ಊರಿನ ಕೋಟೆಯ ಕಥೆಯೊಂದು ನೆನಪಿಗೆ ಬರುವುದು. ಕಂಟೋನ್ಮೆಂಟಿನವರಾದ ನಾವು ಆ ಬೆಟ್ಟದ ಕೋಟೆಯನ್ನು ದಿನ ಬೆಳಗಾದರೆ ನೋಡುವವರು. ಮೇಲಿನ ಕೋಟೆಯನ್ನು ಹನುಮಪ್ಪ ನಾಯಕನು ಕಟ್ಟಿಸಿದನೆಂದೂ, ಹದಿನೆಂಟನೆಯ ಶತಮಾನದಲ್ಲಿ ಹೈದರಾಲಿಯು ಫ್ರೆಂಚ್ ಎಂಜಿನಿಯರನೊಬ್ಬನಿಂದ ಅದನ್ನು ಬಲಪಡಿಸಿ ಕೆಳಗಿನ ಕೋಟೆಯನ್ನು ಕಟ್ಟಿಸಿದನೆಂದೂ ಹೇಳುವರು. ಎಲ್ಲವೂ ಮುಗಿದ ಮೇಲೆ, ಎದುರಿನ ಕುಂಬಾರ ಗುಡ್ಡವು ಕೋಟೆಗಿಂತ ಎತ್ತರವಾಗಿದೆ, ಅದರ ಮೇಲಿಂದ ಶತ್ರುವು ಕೋಟೆಯನ್ನು ಹೊಡೆಯಬಹುದು ಎಂಬುದು ಹೈದರನ ಗಮನಕ್ಕೆ ಬಂದಿತಂತೆ. ಕೂಡಲೇ ಆ ಎಂಜಿನಿಯರನನ್ನು ಕೋಟೆಯ ಬಾಗಿಲಲ್ಲಿಯೇ ಗಲ್ಲಿಗೇರಿಸಿದನಂತೆ. ಇದು ಐತಿಹ್ಯ, ಎಷ್ಟು ನಿಜವೋ ಯಾರು ಬಲ್ಲರು? ಆದರೆ ಕಥೆಯು ಜನರ ಬಾಯಲ್ಲಿ ಉಳಿದಿರುವುದಕ್ಕೆ ಒಂದು ಕಾರಣವುಂಟು. ಕಟ್ಟುತ್ತಿರುವಾಗ ಗುಡ್ಡದ ಕಡೆಗೆ ಯಾರೂ ಕಣ್ಣೆತ್ತಿ ನೋಡಲಿಲ್ಲ. ತಪ್ಪು ಕಂಡ ಮೇಲೆ ಎಲ್ಲರೂ ಕಟ್ಟಿದವನ ಕಡೆಗೆ ಬೆರಳು ತೋರಿದರು. ಹಾರ್ಟ್‌ಬ್ಲೀಡ್ ಪ್ರಕಟವಾದಾಗಲೂ ಆದುದು ಇದೇ. ಆ ಸಾಲುಗಳನ್ನು ಬರೆದಿದ್ದ ಜರ್ಮನಿಯ ಯುವಕನು ಬೇಕೆಂದೇ ದೋಷವನ್ನಿಟ್ಟನೇ ಎಂದು ಸಂದೇಹಪಟ್ಟವರಿದ್ದರು. ಅವನು ಅದನ್ನು ಅಲ್ಲಗಳೆದು, ಅದು ಕೈತಪ್ಪು ಎಂದು ಒಪ್ಪಿಕೊಳ್ಳಬೇಕಾಯಿತು. ಹಣ ಕೊಡದೆ ಕೆಲಸ ತೆಗೆದುಕೊಂಡವರು ತಪ್ಪಿಗೆ ಮಾತ್ರ ಲೆಕ್ಕ ಕೇಳುವುದು ನ್ಯಾಯವೇ ಎಂಬುದನ್ನು ವಾಚಕರು ಯೋಚಿಸಬೇಕು.

ಕೈತಪ್ಪಿಗಿಂತಲೂ ಭಯಂಕರವಾದುದು ಇನ್ನೊಂದುಂಟು. ದೊಡ್ಡ ಕಡತಗಳನ್ನು ಒತ್ತಿ ಚಿಕ್ಕದಾಗಿ ಕಟ್ಟುವ ‘ಎಕ್ಸ್‌ಜೆಡ್’ ಎಂಬ ತಂತ್ರಾಂಶವೊಂದಿದೆ. ಅಂತರ್ಜಾಲದ ಅಸಂಖ್ಯಾತ ಲಿನಕ್ಸ್ ಯಂತ್ರಗಳಲ್ಲಿ ಅದು ಸೇರಿಕೊಂಡಿರುವುದು. ಅದನ್ನು ವರ್ಷಗಟ್ಟಲೆ ನೋಡಿಕೊಳ್ಳುತ್ತಿದ್ದವರು ಫಿನ್ಲೆಂಡಿನ ಲಾಸೆ ಕಾಲಿನ್ ಎಂಬವರೊಬ್ಬರೇ. ಸಂಬಳವಿಲ್ಲದ ಹವ್ಯಾಸವಾಗಿ ನೋಡಿಕೊಳ್ಳುತ್ತಿದ್ದವರು. ೨೦೨೨ರಲ್ಲಿ ಅಪರಿಚಿತರಾದ ಕೆಲವರು, ‘ಕೆಲಸ ನಿಧಾನವಾಯಿತು, ಬೇರೊಬ್ಬರಿಗೆ ಬಿಟ್ಟುಕೊಡಿ’ ಎಂದು ಅವರನ್ನು ಮೇಲಿಂದ ಮೇಲೆ ಪೀಡಿಸತೊಡಗಿದರು. ತಮ್ಮ ಮನಸ್ಸಿನ ಸ್ವಾಸ್ಥ್ಯವು ಬಹುಕಾಲದಿಂದ ಚೆನ್ನಾಗಿಲ್ಲವೆಂದು ಅವರು ಬಾಯಿಬಿಟ್ಟು ಹೇಳಿಕೊಂಡರು. ಅದೇ ಕಾಲಕ್ಕೆ ‘ಜಿಯಾ ತಾನ್’ ಎಂಬ ಹೆಸರಿನವನೊಬ್ಬನು ಬಹು ವಿನಯದಿಂದ ನೆರವಿಗೆ ಬಂದನು. ಎರಡು ವರ್ಷಗಳಿಗೂ ಮಿಕ್ಕಿ ಒಳ್ಳೆಯ ಕೆಲಸ ಮಾಡಿ ವಿಶ್ವಾಸವನ್ನು ಗಳಿಸಿದನು. ಬೀಗದಕೈಗಳೂ ಅವನ ಕೈಸೇರಿದವು. ೨೦೨೪ರ ಆರಂಭದಲ್ಲಿ ಅವನು ಆ ತಂತ್ರಾಂಶದೊಳಗೆ ಒಂದು ಕಳ್ಳಬಾಗಿಲನ್ನು ಕೊರೆದಿಟ್ಟನು. ಅದು ಲೋಕವೆಲ್ಲ ಹರಡಿದ್ದರೆ ಲಕ್ಷಗಟ್ಟಲೆ ಯಂತ್ರಗಳೊಳಗೆ ಅವನು ಹೊಕ್ಕು ಹೊರಡಬಹುದಾಗಿದ್ದಿತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರರು ತಮ್ಮ ಯಂತ್ರವು ಒಳಗೆ ಬಿಟ್ಟುಕೊಳ್ಳುವುದಕ್ಕೆ ಸುಮಾರು ಅರ್ಧ ಸೆಕೆಂಡು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದೆಯಲ್ಲ ಎಂದು ಸಂದೇಹಗೊಂಡು, ಬೆನ್ನಟ್ಟಿ ಹೋಗಿ, ಮಾರ್ಚ್ ೨೯ರಂದು ಆ ಮೋಸವನ್ನು ಬಯಲಿಗೆಳೆದರು. ಆ ‘ಜಿಯಾ ತಾನ್’ ಯಾರೆಂಬುದು ಪ್ರಕಟವಾಗಿಲ್ಲ.

ಈ ಸಂಗತಿಯಲ್ಲಿ ಕಳ್ಳನು ಬೀಗವನ್ನು ಒಡೆಯಲಿಲ್ಲ; ದಣಿದ ಕಾವಲುಗಾರನನ್ನು ಹುಡುಕಿಕೊಂಡು ಬಂದನು. ಒಬ್ಬನೇ ಇರುವವನು, ಕೂಲಿಯಿಲ್ಲದವನು, ‘ಸಾಕಾಗಿದೆ’ ಎನ್ನುತ್ತಿರುವವನು, ಇಂಥವನ ಭುಜದ ಮೇಲೆ ಮೊದಲು ಕೈಯಿಟ್ಟು ‘ನಾನಿದ್ದೇನೆ’ ಎಂದವನು ಸ್ನೇಹಿತನಾಗಿರದೆ ಶತ್ರುವಾಗಿದ್ದನು. ನಾವು ಯಾರೂ ಅವನಿಗಿಂತ ಮೊದಲು ಹೋಗಲಿಲ್ಲವೆಂಬುದೇ ಇಲ್ಲಿ ನಾಚಿಕೆಯ ಮಾತು.

ಹಾಗಾದರೆ ಹಣ ಕೊಟ್ಟವರೇ ಇಲ್ಲವೇ? ಉಂಟು, ಹೆಚ್ಚಾಗಿ ಕೊಂಡಿ ಕಡಿದ ಮೇಲೆ ಕೊಟ್ಟವರು. ಹಾರ್ಟ್‌ಬ್ಲೀಡ್ ಆದ ಎರಡು ಮೂರು ವಾರಗಳೊಳಗೆ, ೨೦೧೪ರ ಏಪ್ರಿಲಿನಲ್ಲಿಯೇ, ಲಿನಕ್ಸ್ ಫೌಂಡೇಶನ್ ಎಂಬ ಸಂಸ್ಥೆಯು ದೊಡ್ಡ ಕಂಪನಿಗಳನ್ನು ಸೇರಿಸಿ ಒಂದು ನಿಧಿಯನ್ನು ಸ್ಥಾಪಿಸಿತು. ಒಂದೊಂದು ಕಂಪನಿಯು ವರ್ಷಕ್ಕೆ ಒಂದು ಲಕ್ಷ ಡಾಲರಿನಂತೆ ಮೂರು ವರ್ಷ ಕೊಡುವುದೆಂದು ಮಾತಾಯಿತು. ಆ ಹಣದಿಂದ ಓಪನ್ ಎಸ್‌ಎಸ್‌ಎಲ್‌ಗೆ ಪೂರ್ಣಕಾಲದ ಕೆಲಸಗಾರರು ದೊರೆತರು. ತಂತ್ರಾಂಶದ ಪರಿಶೋಧನೆಯೂ ನಡೆಯಿತು. ಆ ಬಗೆಯ ಕಾರ್ಯವನ್ನು ೨೦೨೦ರಲ್ಲಿ ಹುಟ್ಟಿದ ಓಪನ್ ಸೋರ್ಸ್ ಸೆಕ್ಯೂರಿಟಿ ಫೌಂಡೇಶನ್ ಮುಂದುವರಿಸಿತು. ಜರ್ಮನಿಯ ವರ್ನರ್ ಕಾಖ್ ಎಂಬವರ ಕಥೆಯೂ ಹೇಳತಕ್ಕದ್ದೇ. ಅಂಚೆಯನ್ನು ಗೂಢವಾಗಿ ಕಳುಹಿಸುವ ‘ಗ್ನೂ ಪಿಜಿ’ ಎಂಬ ತಂತ್ರಾಂಶವನ್ನು ಅವರು ೧೯೯೭ರಿಂದ ಬಹುಮಟ್ಟಿಗೆ ಒಬ್ಬರೇ ನಡೆಸಿಕೊಂಡು ಬಂದು, ೨೦೧೩ರ ವೇಳೆಗೆ ಹಣ ಸಾಲದೆ ಬಿಟ್ಟುಬಿಡುವ ಯೋಚನೆಗೆ ಬಂದಿದ್ದರು. ೨೦೧೫ರ ಫೆಬ್ರುವರಿಯಲ್ಲಿ ಅವರ ಕಷ್ಟವು ಪತ್ರಿಕೆಯಲ್ಲಿ ಪ್ರಕಟವಾದ ಕೂಡಲೇ ಲೋಕದ ಮೂಲೆ ಮೂಲೆಗಳಿಂದ ಹಣ ಹರಿದು ಬಂದು, ಅವರು ಬೇಡಿದ್ದ ೧,೨೦,೦೦೦ ಯೂರೋಗಳು ಕೂಡಿದವು. ಎರಡು ದೊಡ್ಡ ಕಂಪನಿಗಳು ವರ್ಷಕ್ಕೆ ೫೦,೦೦೦ ಡಾಲರಿನಂತೆ ಕೊಡಲು ಮುಂದೆ ಬಂದವು. ಹದಿನೆಂಟು ವರ್ಷದ ದುಡಿಮೆಯು ಮಾಡಲಾರದುದನ್ನು ಒಂದು ಪತ್ರಿಕಾಲೇಖನವು ಮಾಡಿತು. ಸಂತೋಷವೇ, ಆದರೆ ಪತ್ರಿಕೆಯ ಕಣ್ಣಿಗೆ ಬೀಳದವರ ಗತಿಯೇನು?

ಸರಕಾರಗಳಲ್ಲಿ ಜರ್ಮನಿಯು ಮೇಲ್ಪಂಕ್ತಿಯನ್ನು ಹಾಕಿದೆ. ಅಲ್ಲಿ ೨೦೨೨ರಲ್ಲಿ ‘ಸಾವರಿನ್ ಟೆಕ್ ಫಂಡ್’ ಎಂಬ ಸರಕಾರಿ ನಿಧಿಯು ಏರ್ಪಟ್ಟು, ರಸ್ತೆ ಸೇತುವೆಗಳಿಗೆ ಹಣ ಕೊಡುವಂತೆಯೇ ಇಂಥ ತಳಪಾಯದ ತಂತ್ರಾಂಶಗಳಿಗೂ ಹಣ ಕೊಡತೊಡಗಿತು. ದಾನದಿಂದ ಎಷ್ಟು ಮಾಡಬಹುದೆಂಬುದಕ್ಕೆ ‘ಲೆಟ್ಸ್ ಎನ್‌ಕ್ರಿಪ್ಟ್’ ಎಂಬ ಸಂಸ್ಥೆಯೇ ಸಾಕ್ಷಿ. ಜಾಲತಾಣಗಳಿಗೆ ಬೀಗಮುದ್ರೆಯ ಪ್ರಮಾಣಪತ್ರವನ್ನು ಮೊದಲು ಹಣ ತೆತ್ತು ಪಡೆಯುವುದೇ ವಾಡಿಕೆಯಾಗಿದ್ದಿತು. ೨೦೧೫ರಿಂದ ಈ ಸಂಸ್ಥೆಯು ಕಂಪನಿಗಳ ಹಾಗೂ ಸಾಮಾನ್ಯರ ಕಾಣಿಕೆಯಿಂದ ನಡೆದು, ಎಲ್ಲರಿಗೂ ಅದನ್ನು ಪುಕ್ಕಟೆಯಾಗಿ ಕೊಡುತ್ತಿದೆ.

ನಮ್ಮ ಕನ್ನಡನಾಡಿನ ಮಾತಿಗೆ ಬರೋಣ. ಬೆಂಗಳೂರಿನಲ್ಲಿ ಷೇರು ವ್ಯವಹಾರದ ‘ಜೆರೋಧಾ’ ಎಂಬ ಕಂಪನಿಯಿದೆ, ೨೦೧೦ರಲ್ಲಿ ಸ್ಥಾಪಿತವಾದುದು. ತಮ್ಮ ವ್ಯವಹಾರವು ಬಹುಪಾಲು ಇಂಥ ಉಚಿತ ತಂತ್ರಾಂಶಗಳ ಮೇಲೆಯೇ ನಿಂತಿದೆಯೆಂದು ಅದರ ತಂತ್ರಜ್ಞಾನದ ಮುಖ್ಯಸ್ಥರಾದ ಕೈಲಾಶ್ ನಾಧ್ ಅವರು ಬಹಿರಂಗವಾಗಿ ಹೇಳುತ್ತ ಬಂದವರು. ೨೦೨೪ರ ಅಕ್ಟೋಬರಿನಲ್ಲಿ ಆ ಕಂಪನಿಯು ‘ಫ್ಲಾಸ್ ಫಂಡ್’ ಎಂಬ ನಿಧಿಯನ್ನು ಸಾರಿತು. ವರ್ಷಕ್ಕೆ ಹತ್ತು ಲಕ್ಷ ಡಾಲರುಗಳವರೆಗೆ, ಎಂದರೆ ಆಗಿನ ಲೆಕ್ಕದಲ್ಲಿ ಎಂಟು ಕೋಟಿ ರೂಪಾಯಿಗಳಿಗೂ ಮೇಲ್ಪಟ್ಟು, ಲೋಕದ ಯಾವ ದೇಶದ ಉಚಿತ ತಂತ್ರಾಂಶಕ್ಕಾದರೂ ಕೊಡುವುದೆಂದು ಏರ್ಪಾಡು. ಒಂದೊಂದಕ್ಕೆ ಹತ್ತು ಸಾವಿರದಿಂದ ಒಂದು ಲಕ್ಷ ಡಾಲರಿನವರೆಗೆ. ಕೇಳುವವರು ತಮಗೆ ಎಷ್ಟು ಹಣ ಬೇಕು, ಏತಕ್ಕೆ ಬೇಕು ಎಂಬುದನ್ನು ಒಂದು ಸಣ್ಣ ಪಟ್ಟಿಯಲ್ಲಿ ಬರೆದು, ತಮ್ಮ ತಂತ್ರಾಂಶದ ಜತೆಯಲ್ಲಿಯೇ ಎಲ್ಲರಿಗೂ ಕಾಣುವಂತೆ ಇಡಬೇಕು. ಈ ಕೊನೆಯ ನಿಯಮವು ನನಗೆ ಬಹಳ ಮೆಚ್ಚಿಕೆಯಾಯಿತು. ಬಾಯಿಬಿಟ್ಟು ಕೇಳುವುದಕ್ಕೆ ಸಂಕೋಚಪಡುವವರಿಗೆ ಕೇಳುವ ಒಂದು ಮರ್ಯಾದೆಯ ದಾರಿಯಾಯಿತು. ಕೊಡುವವರಿಗೆ, ‘ಯಾರಿಗೆ ಕೊಡಬೇಕೋ ತಿಳಿಯದು’ ಎಂಬ ನೆವವೂ ತಪ್ಪಿತು. ನಮ್ಮ ದೇಶದ ಕಂಪನಿಗಳು ಪರದೇಶದ ತಂತ್ರಾಂಶವನ್ನು ಪುಕ್ಕಟೆ ತಿಂದು ಬೆಳೆದವರೆಂಬ ಮಾತಿಗೆ ಇದು ಒಂದು ಒಳ್ಳೆಯ ಉತ್ತರ. ಒಂದೇ ಉತ್ತರವಾಗಿ ನಿಲ್ಲಬಾರದು, ಅಷ್ಟೆ.

ಇಲ್ಲಿ ಕೆಲವರು ಆಕ್ಷೇಪಿಸಬಹುದು: ‘ಪುಕ್ಕಟೆ ಕೊಡುತ್ತೇನೆಂದು ಅವನೇ ಬರೆದುಕೊಟ್ಟಿರುವಾಗ ಹಣದ ಮಾತೇಕೆ?’ ಎಂದು. ಪಾಕವನ್ನು ಪುಕ್ಕಟೆ ಕೊಟ್ಟವಳು ದಿನವೂ ನಮ್ಮ ಮನೆಗೆ ಬಂದು ಅಡಿಗೆ ಮಾಡುವೆನೆಂದು ಹೇಳಲಿಲ್ಲವಷ್ಟೆ. ತಂತ್ರಾಂಶವನ್ನು ಬರೆಯುವುದು ಒಂದು ಸಲದ ಕೆಲಸ. ಕಾಯುವುದು ಪ್ರತಿದಿನದ ಕೆಲಸ. ಹೊಸ ಯಂತ್ರ ಬಂದಾಗ ಹೊಂದಿಸಬೇಕು, ಹೊಸ ಕಳ್ಳರು ಬಂದಾಗ ಬಲಪಡಿಸಬೇಕು, ಯಾರೋ ಮಧ್ಯರಾತ್ರಿ ದೋಷವನ್ನು ತಿಳಿಸಿದರೆ ಬೆಳಗಾಗುವುದರೊಳಗೆ ತಿದ್ದಬೇಕು. ಬೆಲೆಯಿಲ್ಲದುದನ್ನು ಕೊಟ್ಟರು, ಸರಿ. ಆದರೆ ಅದಕ್ಕೆ ವೆಚ್ಚವಿಲ್ಲವೆಂದು ಅರ್ಥವಲ್ಲ. ಹಾರ್ವರ್ಡಿನ ಸಂಶೋಧಕರು ೨೦೨೪ರಲ್ಲಿ ಪ್ರಕಟಿಸಿದ ಒಂದು ಲೆಕ್ಕದ ಪ್ರಕಾರ, ಬಳಕೆಯಲ್ಲಿರುವ ತೆರೆದ ತಂತ್ರಾಂಶವನ್ನು ಒಂದೊಂದು ಕಂಪನಿಯೂ ತಾನೇ ಬರೆಯಿಸಬೇಕಾಗಿ ಬಂದರೆ ಎಲ್ಲಕ್ಕೂ ಕೂಡಿ ತಗಲುವ ಹಣವು ಸುಮಾರು ೮.೮ ಲಕ್ಷ ಕೋಟಿ ಡಾಲರುಗಳಂತೆ. ಅಷ್ಟನ್ನು ಉಳಿಸಿಕೊಂಡವರು ಅದರ ಒಂದು ಎಸಳನ್ನಾದರೂ ಕೊಡುವುದು ದಾನವಲ್ಲ, ಋಣ.

ನಮ್ಮ ಹಿರಿಯರಿಗೆ ಈ ಧರ್ಮವು ಹೊಸದಾಗಿರಲಿಲ್ಲ. ಕೆರೆಯನ್ನು ಕಟ್ಟಿದವನಿಗೆ, ಒಡೆದುದನ್ನು ಸರಿಪಡಿಸಿದವನಿಗೆ ಆ ಕೆರೆಯ ಕೆಳಗಿನ ಭೂಮಿಯನ್ನು ಉಂಬಳಿಯಾಗಿ ಬಿಡುತ್ತಿದ್ದರು. ಕನ್ನಡ ಶಾಸನಗಳಲ್ಲಿ ಇದಕ್ಕೆ ಕಟ್ಟುಕೊಡಗೆಯೆಂದು ಹೆಸರು. ನಮ್ಮ ಬಳ್ಳಾರಿ, ಅನಂತಪುರ, ಕಡಪದ ಸೀಮೆಗಳಲ್ಲಿ ಇದನ್ನೇ ದಸವಂದವೆನ್ನುತ್ತಿದ್ದರು. ಹತ್ತರಲ್ಲೊಂದು ಪಾಲು ಎಂಬುದು ಆ ಮಾತಿನ ಮೂಲಾರ್ಥ. ಇಂಗ್ಲಿಷರ ಕಾಲದ ದಾಖಲೆಗಳಲ್ಲಿಯೂ ದಶಬಂಧದ ಇನಾಮುಗಳೆಂದು ಇವು ಕಾಣುವುವು. ಇನಾಮು ಉಣ್ಣುವವನು ಕೆರೆಯನ್ನು ದುರಸ್ತಿಯಲ್ಲಿಟ್ಟಿರಬೇಕೆಂಬುದು ಅದರ ನಿಬಂಧನೆ. ವಿಜಯನಗರದ ಕಾಲದ ಸಿರುಗುಪ್ಪ, ದೇಶನೂರು ಕಾಲುವೆಗಳು ಇಷ್ಟು ಶತಮಾನಗಳ ತರುವಾಯವೂ ಉಳಿದು ಬಂದಿರುವುದು, ಕಟ್ಟಿದವರ ಜಾಣತನದಿಂದ ಮಾತ್ರವಲ್ಲ. ತಲೆತಲಾಂತರಕ್ಕೂ ಹೂಳು ತೆಗೆದವರ ಶ್ರಮದಿಂದ. ದಸವಂದದಲ್ಲಿ ಎರಡು ವಿವೇಕಗಳಿದ್ದವು. ಒಂದು, ಕೆರೆ ಒಡೆದ ಮೇಲೆ ಅಳುತ್ತ ಕೂಡಿಸುವ ಹಣ ಅದಲ್ಲ. ಪ್ರತಿ ವರ್ಷ ಫಸಲಿನೊಡನೆ ಬರುವ ಹಣ. ಎರಡು, ನೀರಿನಿಂದ ಲಾಭ ಪಡೆದ ಭೂಮಿಯಿಂದಲೇ ನೀರು ಕಾಯುವವನ ಅನ್ನವೂ ಹುಟ್ಟುತ್ತಿತ್ತು. ಈ ಎರಡನ್ನೂ ಇಂದಿನ ಬೀಗ ಕಾಯುವವರಿಗೆ ಅನ್ವಯಿಸಿದರೆ ಸಾಕು. ಲಾಭ ಪಡೆಯುವ ಕಂಪನಿಗಳೂ ಬ್ಯಾಂಕುಗಳೂ ಸರಕಾರಗಳೂ ವರ್ಷವರ್ಷವೂ ಒಂದು ಗೊತ್ತಾದ ಪಾಲನ್ನು ತೆಗೆದಿಡಬೇಕು.

ಹಣವೊಂದರಿಂದಲೇ ಎಲ್ಲವೂ ಸರಿಹೋಗುವುದೆಂದು ನಾನು ಹೇಳಲಾರೆ. ಎಕ್ಸ್‌ಜೆಡ್‌ನ ಪ್ರಸಂಗದಲ್ಲಿ ಹಣಕ್ಕಿಂತ ಮೊದಲು ಬೇಕಾಗಿದ್ದುದು ನಂಬತಕ್ಕ ಒಬ್ಬ ಜತೆಗಾರ. ಹಣವಿದ್ದರೆ ಜತೆಗಾರನನ್ನು ಇಟ್ಟುಕೊಳ್ಳಬಹುದು, ಬಿಡುವು ತೆಗೆದುಕೊಳ್ಳಬಹುದು, ಹೊರಗಿನವರಿಂದ ಪರಿಶೋಧನೆ ಮಾಡಿಸಬಹುದು. ಆದರೆ ದಣಿದವನನ್ನು ಗದರಿಸುವ ನಮ್ಮ ಅಭ್ಯಾಸವನ್ನು ಹಣವು ತಿದ್ದಲಾರದು. ಅದನ್ನು ನಾವೇ ತಿದ್ದಿಕೊಳ್ಳಬೇಕು.

ಗೃಹಸ್ಥರಾದ ನಾವು ಮಾಡತಕ್ಕುದೂ ಕೆಲವುಂಟು. ಫೋನಾಗಲಿ ಗಣಕಯಂತ್ರವಾಗಲಿ ‘ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಲೇ?’ ಎಂದು ಕೇಳಿದಾಗ ನಾಳೆಗೆಂದು ತಳ್ಳಬಾರದು. ಯಾರೋ ನಿದ್ದೆಗೆಟ್ಟು ತಿದ್ದಿ ಕಳುಹಿಸಿದ ಕೊಂಡಿಯು ಅದರಲ್ಲಿರಬಹುದು. ಕಂಪನಿಗಳಲ್ಲಿ, ಬ್ಯಾಂಕುಗಳಲ್ಲಿ, ಸಹಕಾರ ಸಂಘಗಳಲ್ಲಿ, ಶಾಲೆಗಳ ಆಡಳಿತದಲ್ಲಿ ಇರುವವರು, ‘ನಾವು ಬಳಸುವ ಉಚಿತ ತಂತ್ರಾಂಶಗಳು ಯಾವುವು, ಅವಕ್ಕೆ ನಾವು ಏನು ಕೊಡುತ್ತಿದ್ದೇವೆ?’ ಎಂದು ವರ್ಷಕ್ಕೊಂದು ಸಲವಾದರೂ ಸಭೆಯಲ್ಲಿ ಕೇಳಬೇಕು. ಅನುಕೂಲವಿದ್ದವರು ಹಬ್ಬಕ್ಕೊಂದು ಸಣ್ಣ ಕಾಣಿಕೆಯನ್ನು ಇಂಥ ಸಂಸ್ಥೆಗೆ ಕಳುಹಿಸಬಹುದು. ಏನೂ ಆಗದವರು ಎರಡು ಸಾಲಿನ ಕೃತಜ್ಞತೆಯನ್ನು ಬರೆದು ಕಳುಹಿಸಿದರೂ ಆಯಿತು. ದೂರನ್ನು ಮಾತ್ರ ಕೇಳಿ ಕೇಳಿ ಬೇಸತ್ತವರಿಗೆ ಅದೂ ಒಂದು ತುತ್ತು ಅನ್ನವೇ.

ಇನ್ನು ಆ ತಾಯಿಗೆ ಕೊಡಬೇಕಾದ ಉತ್ತರ. ಅಮ್ಮಾ, ಬೇಡವೆಂದು ಹೇಳಬೇಡಿರಿ. ನಿಮ್ಮ ಮಗನು ಹೂಳು ತೆಗೆಯುತ್ತಿರುವ ಬಾವಿಯ ನೀರನ್ನು ನೀವೂ ನಾನೂ ದಿನವೂ ಕುಡಿಯುತ್ತಿದ್ದೇವೆ. ಆದರೆ ಸುಮ್ಮನೆಯೂ ಇರಬೇಡಿರಿ. ರಾತ್ರಿ ಹತ್ತೂವರೆಗೆ ದೀಪವಾರಿಸುವಂತೆ ಹೇಳಿರಿ. ಕಾವಲುಗಾರನು ದಣಿದರೆ ಕಾವಲೇ ಅಪಾಯವೆಂದು ಹೇಳಿರಿ. ತನ್ನ ಜತೆಗೆ ಇನ್ನೊಬ್ಬನನ್ನು, ಮುಖ ಕಂಡು ಪರಿಚಯವಿರುವವನನ್ನು, ತಯಾರು ಮಾಡಿಕೊಳ್ಳಲೆನ್ನಿರಿ. ಬೆಂಗಳೂರಿನ ಆ ನಿಧಿಯಂಥವಕ್ಕೆ ಅರ್ಜಿ ಹಾಕುವುದಕ್ಕೆ ನಾಚಬಾರದೆನ್ನಿರಿ. ದಸವಂದವನ್ನು ಉಂಡವರು ಭಿಕ್ಷೆಯುಂಡವರಲ್ಲ. ಮದುವೆಯ ಮಾತನ್ನು ಕಾರ್ತಿಕದ ಮೇಲೆ ಎತ್ತಿದರಾಯಿತು.

ಇಷ್ಟನ್ನು ಬರೆದು, ಮೊದಲು ಅವರಿಗೇ ಓದಿ ಹೇಳಿದೆನು. ಎಲ್ಲವನ್ನೂ ಕೇಳಿದ ಮೇಲೆ ಅವರು ಕೇಳಿದ ಪ್ರಶ್ನೆ ಒಂದೇ: ‘ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆಯಬೇಕೋ, ಕನ್ನಡದಲ್ಲಿ ಬರೆದರೂ ನಡೆದೀತೋ?’ ಅರ್ಜಿ ಹೋಗುವುದು ನಿಶ್ಚಯವಾಯಿತೆಂದು ನಾನು ತಿಳಿದೆನು.